ಯಾರೂ ಬರೆಯದೆ ಬಿಟ್ಟ ಮುಖಗಳು

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ 1682ರ ಒಂದು ಚಿತ್ರವಿದೆ. ಬರೆದವನು ಫ್ರಾನ್ಸಿನ ಪಿಯರ್ ಮಿನ್ಯಾರ್. ದೊರೆ ಎರಡನೇ ಚಾರ್ಲ್ಸ್‌ನ ಪ್ರೇಯಸಿ, ಪೋರ್ಟ್ಸ್‌ಮತ್‌ನ ಡಚೆಸ್ ಲೂಯಿಸ್ ದ ಕೆರುವಾಲ್ ಅದರ ನಾಯಕಿ. ರೇಷ್ಮೆ, ಹೊಳಪು, ಠೀವಿ ಎಲ್ಲ ಅವಳದ್ದೇ. ಅವಳ ಪಕ್ಕಕ್ಕೆ ಒತ್ತಿ ನಿಂತಿರುವುದು ಒಬ್ಬ ಪುಟ್ಟ ಕಪ್ಪು ಹುಡುಗಿ. ಒಂದು ಕೈಯಲ್ಲಿ ಮುತ್ತು ತುಂಬಿದ ಚಿಪ್ಪು, ಇನ್ನೊಂದರಲ್ಲಿ ಹವಳ. ಹುಡುಗಿ ಡಚೆಸ್ ಮುಖ ನೋಡುತ್ತಿದ್ದಾಳೆ. ಡಚೆಸ್ ನಮ್ಮನ್ನು ನೋಡುತ್ತಿದ್ದಾಳೆ. ಹುಡುಗಿಯ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಈ ಥರದ ಚಿತ್ರಗಳು ಯುರೋಪಿನ ದೊಡ್ಡ ಮನೆಗಳಲ್ಲಿ ಬೇಕಾದಷ್ಟಿವೆ. ಆಗಿನ ಶ್ರೀಮಂತರಿಗೆ ಅದೊಂದು ಖಯಾಲಿ. ಮಗ್ಗುಲಲ್ಲಿ ಕಪ್ಪು ಮಗು ನಿಂತರೆ ಒಡತಿಯ ಚರ್ಮ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಸಮುದ್ರದಾಚೆಯಿಂದ ನಮಗೆ ಸಂಪತ್ತು ಬರುತ್ತದೆ ಎಂದು ತೋರಿಸಿಕೊಂಡ ಹಾಗೂ ಆಗುತ್ತದೆ. ಮುತ್ತು, ಹವಳ, ಹುಡುಗಿ, ಮೂರೂ ಒಂದೇ ಪಟ್ಟಿಯ ಸಾಮಾನು.

ನಾನು ಲೆಕ್ಕಪತ್ರದ ಕೆಲಸದವಳು. ವಾರಾಂತ್ಯದಲ್ಲಿ ಭಾವಚಿತ್ರ ಬರೆಯುವ ತರಗತಿಗೆ ಹೋಗುತ್ತೇನೆ. ಹಾಗಾಗಿ ಗ್ಯಾಲರಿಯಲ್ಲಿ ಕಥೆಗಿಂತ ಮೊದಲು ಕಣ್ಣು ಹೋಗುವುದು ಕೈಕೆಲಸದ ಕಡೆಗೆ. ಬೆಳಕು ಎಲ್ಲಿಂದ ಬಂತು, ಮೂಗಿನ ಪಕ್ಕದ ನೆರಳಿಗೆ ಯಾವ ಬಣ್ಣ ಹಾಕಿದ್ದಾರೆ, ಕಣ್ಣು ಯಾರ ಕಡೆ ತಿರುಗಿದೆ ಅಂತ. 2024ರಲ್ಲಿ ಅದೇ ಗ್ಯಾಲರಿಯಲ್ಲಿ ಎಕೋ ಎಶುನ್ ಅವರು ‘ದ ಟೈಮ್ ಈಸ್ ಆಲ್ವೇಸ್ ನೌ’ ಎಂಬ ಪ್ರದರ್ಶನ ಏರ್ಪಡಿಸಿದ್ದರು. ಇವತ್ತಿನ ಕಲಾವಿದರು ಕಪ್ಪು ಜನರನ್ನು ಹೇಗೆ ಬರೆಯುತ್ತಿದ್ದಾರೆ ಎಂಬುದೇ ಅದರ ವಿಷಯ. ಅಲ್ಲಿ ಬಾರ್ಬರಾ ವಾಕರ್ ಅವರ ಒಂದು ಕೃತಿಯ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ.

ವಾಕರ್ ಬರ್ಮಿಂಗ್‌ಹ್ಯಾಮ್‌ನವರು. ‘ವ್ಯಾನಿಶಿಂಗ್ ಪಾಯಿಂಟ್’ ಎಂಬ ಅವರ ಸರಣಿಯಲ್ಲಿ ಮಿನ್ಯಾರ್‌ನ ಇದೇ ಚಿತ್ರ ಮತ್ತೆ ಬರುತ್ತದೆ. ಆದರೆ ಡಚೆಸ್ ಮಾಯ! ಪೂರ್ತಿ ಮಾಯವಲ್ಲ. ಬಿಳಿ ಕಾಗದವನ್ನು ಒತ್ತಿ, ಮದುವೆ ಕಾರ್ಡಿನ ಉಬ್ಬಕ್ಷರದ ಹಾಗೆ, ಬಣ್ಣವೇ ಇಲ್ಲದ ಗೆರೆಯಲ್ಲಿ ಅವಳನ್ನು ಮೂಡಿಸಿದ್ದಾರೆ. ಓರೆಯಾಗಿ ನಿಂತು ನೋಡಿದರೆ ಮಾತ್ರ ಕಾಣುತ್ತಾಳೆ. ಹುಡುಗಿಯನ್ನು ಪೆನ್ಸಿಲ್ಲಿನಲ್ಲಿ ರೆಪ್ಪೆ, ತುಟಿ, ಕತ್ತಿನ ಮುತ್ತು ಒಂದೂ ಬಿಡದೆ ಬರೆದಿದ್ದಾರೆ. ವಾಕರ್ ಇಲ್ಲಿ ಹೊಸದಾಗಿ ಏನನ್ನೂ ಸೇರಿಸಿಲ್ಲ ಗಮನಿಸಿ. ಹುಡುಗಿ ಮೊದಲಿಂದಲೂ ಅಲ್ಲೇ ಇದ್ದಳು. ಪಕ್ಕದವಳ ದೀಪ ಆರಿಸಿದರು, ಅಷ್ಟೆ.

ಅಮೆರಿಕದ ಟೈಟಸ್ ಕಾಫರ್ ಇದನ್ನೇ ಇನ್ನೂ ಒರಟಾಗಿ ಮಾಡುತ್ತಾರೆ. ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಎಲೈಹು ಯೇಲ್ ಗೊತ್ತಲ್ವಾ? ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದವನು. 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಗವರ್ನರ್ ಆಗಿ ದುಡ್ಡು ಮಾಡಿಕೊಂಡು ಹೋದವನು. ಸುಮಾರು 1719ರಲ್ಲಿ ಬರೆದ ಒಂದು ಚಿತ್ರದಲ್ಲಿ ಯೇಲ್ ಮತ್ತು ಅವನ ಕಡೆಯವರು ಮೇಜಿನ ಸುತ್ತ ಕೂತಿದ್ದಾರೆ. ಪಕ್ಕದಲ್ಲಿ ಒಬ್ಬ ಕಪ್ಪು ಹುಡುಗ ನಿಂತಿದ್ದಾನೆ. ಅವನ ಕತ್ತಿನಲ್ಲಿ ಬೀಗ ಹಾಕಿದ ಲೋಹದ ಪಟ್ಟಿ ಇದೆ. ನಾಯಿಗೆ ಹಾಕುತ್ತಾರಲ್ಲ, ಅಂಥದ್ದೇ. 2016ರಲ್ಲಿ ಕಾಫರ್ ಆ ಚಿತ್ರವನ್ನು ಮತ್ತೆ ಬರೆದರು. ಆಮೇಲೆ ಕ್ಯಾನ್ವಾಸನ್ನೇ ಮುದುರಿಬಿಟ್ಟರು. ಯೇಲ್ ಸಾಹೇಬರೆಲ್ಲ ಆ ಮುದುರಿನೊಳಗೆ ಹೋದರು. ಉಳಿದದ್ದು ಚಿನ್ನದ ಚೌಕಟ್ಟಿನೊಳಗೆ ಹುಡುಗನ ಮುಖ. ಕತ್ತಿನಲ್ಲಿ ಪಟ್ಟಿ ಇಲ್ಲ. ನೇರ ನಮ್ಮನ್ನೇ ನೋಡುತ್ತಾನೆ. ಹೆಸರು ‘ಎನಫ್ ಅಬೌಟ್ ಯು’. ನಿಮ್ಮ ಪುರಾಣ ಸಾಕು ಎಂದ ಹಾಗೆ. 2020ರಲ್ಲಿ ಯೇಲ್‌ನ ಬ್ರಿಟಿಷ್ ಕಲಾ ಕೇಂದ್ರದವರು ಹಳೆಯ ಚಿತ್ರ ಇಳಿಸಿ ಆ ಜಾಗದಲ್ಲಿ ಇದನ್ನು ಸ್ವಲ್ಪ ಕಾಲ ತೂಗುಹಾಕಿದ್ದರು.

ಈ ಎರಡೂ ಕಡೆ ಕಲಾವಿದರಿಗೆ ಹಿಡಿದುಕೊಳ್ಳಲು ಒಂದು ಮುಖ ಇತ್ತು. ಫೋಟೋ ಇದ್ದರಂತೂ ಕೆಲಸ ಇನ್ನೂ ಗಟ್ಟಿ. ಫ್ರೆಡರಿಕ್ ಡಗ್ಲಸ್ ಇದನ್ನು ಚೆನ್ನಾಗಿ ಅರಿತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಜೀವನವಿಡೀ ಮಾತಾಡಿದವರು. ಬಿಳಿಯ ಚಿತ್ರಕಾರರು ಕಪ್ಪು ಮುಖವನ್ನು ವಕ್ರ ಮಾಡದೆ ಬರೆಯಲಾರರು ಎಂಬ ದೂರು ಅವರದ್ದು. ಅದಕ್ಕೇ ಕ್ಯಾಮೆರಾ ಮುಂದೆ ಮತ್ತೆ ಮತ್ತೆ ಕೂತರು. ಅವರ ಸುಮಾರು 160 ಫೋಟೋಗಳು ಸಿಕ್ಕಿವೆ. 19ನೇ ಶತಮಾನದ ಅಮೆರಿಕದಲ್ಲಿ ಅಷ್ಟು ಫೋಟೋ ತೆಗೆಸಿಕೊಂಡವರು ಇನ್ನೊಬ್ಬರಿಲ್ಲ ಎನ್ನುತ್ತಾರೆ. ನಗುವುದು ಅಪರೂಪ. ಹುಬ್ಬು ಗಂಟಿಕ್ಕಿ ಕೂತಿರುತ್ತಾರೆ.

ಸಾರಾ ಫೋರ್ಬ್ಸ್ ಬೊನೆಟ್ಟಾಳ ಫೋಟೋಗಳೂ ಇವೆ. ಪಶ್ಚಿಮ ಆಫ್ರಿಕಾದ, ಈಗಿನ ನೈಜೀರಿಯಾ ಕಡೆಯ ಯೊರುಬಾ ಹುಡುಗಿ. ದಹೋಮಿಯ ರಾಜ ಗೆಜೋನ ಸೈನ್ಯ ಅವಳನ್ನು ಸೆರೆ ಹಿಡಿಯಿತು. 1850ರಲ್ಲಿ ಗೆಜೋ ಅವಳನ್ನು ಬ್ರಿಟಿಷ್ ಕ್ಯಾಪ್ಟನ್ ಫೋರ್ಬ್ಸ್ ಕೈಗೆ ವಿಕ್ಟೋರಿಯಾ ರಾಣಿಗೆ ಉಡುಗೊರೆ ಎಂದು ಕೊಟ್ಟುಬಿಟ್ಟ. ಫೋರ್ಬ್ಸ್ ಎಂಬುದು ಕ್ಯಾಪ್ಟನ್ ಹೆಸರು, ಬೊನೆಟ್ಟಾ ಎಂಬುದು ಅವನ ಹಡಗಿನ ಹೆಸರು. ರಾಣಿ ಅವಳ ಓದು, ಊಟದ ಖರ್ಚು ನೋಡಿಕೊಂಡಳು. 1862ರಲ್ಲಿ ಬ್ರೈಟನ್‌ನಲ್ಲಿ ಮದುವೆಯಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಕಮೀಲ್ ಸಿಲ್ವಿ ಅವಳ ಫೋಟೋ ತೆಗೆದ. 1880ರಲ್ಲಿ ಮಡೀರಾದಲ್ಲಿ ಕ್ಷಯದಿಂದ ತೀರಿಕೊಂಡಳು.

ಜಾಂಬಿಯಾ ಮೂಲದ ಹ್ಯಾನಾ ಉಜೋರ್ ಆ ಫೋಟೋ ಆಧರಿಸಿ ಬರೆದ ಚಿತ್ರವನ್ನು 2020ರ ಅಕ್ಟೋಬರಿನಲ್ಲಿ ಆಸ್ಬೋರ್ನ್ ಹೌಸ್‌ನಲ್ಲಿ ಇಟ್ಟರು. ಅದು ವಿಕ್ಟೋರಿಯಾಳ ಸಮುದ್ರ ದಂಡೆಯ ಅರಮನೆ. ಉಜೋರ್ ಮಕ್ಕಳಿಗೂ ನೈಜೀರಿಯಾದ ನಂಟಿದೆಯಂತೆ. ಆ ಕಾರಣಕ್ಕೂ ಸಾರಾ ಅವರಿಗೆ ಹತ್ತಿರವಾದಳು. ಬರೆಯುವವಳಾಗಿ ನನಗೆ ಕುತೂಹಲ ಬೇರೆಯದು. ಸಿಲ್ವಿಯ ಫೋಟೋ ಕಪ್ಪು-ಬಿಳುಪು. ಆಕಾರ, ನಿಲುವು ಎಲ್ಲ ಕೊಡುತ್ತದೆ, ಬಣ್ಣ ಮಾತ್ರ ಕೊಡುವುದಿಲ್ಲ. ಕೆನ್ನೆಗೆ ಎಷ್ಟು ಕೆಂಪು, ಹಣೆಗೆ ಎಷ್ಟು ನೀಲಿ ಎಂದು ಉಜೋರ್ ತಾವೇ ನಿರ್ಧರಿಸಬೇಕು. ಅಂದರೆ ಫೋಟೋ ಇದ್ದರೂ ಅರ್ಧ ಕಲ್ಪನೆಯೇ.

ಚರ್ಮದ ಬಣ್ಣದ ಮಾತು ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ತರಗತಿಯ ಶುರುವಿನಲ್ಲಿ ನಮಗೊಂದು ಹಾಳೆ ಕೊಟ್ಟಿದ್ದರು, ಮುಖದ ಬಣ್ಣ ಕಲಸುವುದು ಹೇಗೆ ಅಂತ. ಬಿಳಿ, ಓಕರ್ ಹಳದಿ, ಕೆಂಪು, ಚೂರು ನೀಲಿ. ಹಾಳೆಯ ಕೊನೆಯಲ್ಲಿ ಒಂದೇ ಸಾಲು: ಕಪ್ಪು ಚರ್ಮಕ್ಕೆ ಇದಕ್ಕೇ ಕಂದು ಸೇರಿಸಿ. ಸೇರಿಸಿ ನೋಡಿ, ಕೆಸರಾಗುತ್ತದೆ! ಕಪ್ಪು ಚರ್ಮದ ಮೇಲೆ ಬೆಳಕು ಬೀಳುವ ರೀತಿಯೇ ಬೇರೆ. ಕಿಟಕಿ ಪಕ್ಕ ಕೂತವರ ಹಣೆ, ಕೆನ್ನೆಯ ಎಲುಬಿನ ಮೇಲೆ ತಣ್ಣನೆಯ ನೀಲಿ ಹೊಳೆಯುತ್ತದೆ. ನೆರಳಲ್ಲಿ ಕೆಂಪು, ನೇರಳೆ ಬಚ್ಚಿಟ್ಟುಕೊಂಡಿರುತ್ತವೆ. ಬಿಳಿ ಹಾಕಿ ಹೊಳಪು ತರಲು ಹೋದರೆ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ನನ್ನ ಪಕ್ಕ ಕೂರುವ, ಜಮೈಕಾದಲ್ಲಿ ಹುಟ್ಟಿದ, ನಿವೃತ್ತ ನರ್ಸ್ ಒಬ್ಬರು ಆ ಹಾಳೆಯನ್ನು ಮಡಚಿ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ಅಲ್ಲಾಡುತ್ತಿತ್ತು, ಅದಕ್ಕೊಂದು ಉಪಯೋಗವಾಯಿತು.

ಅಮೆರಿಕದ ಕೆರ್ರಿ ಜೇಮ್ಸ್ ಮಾರ್ಷಲ್ ಈ ವಿಷಯದಲ್ಲಿ ದೊಡ್ಡ ಮೇಷ್ಟ್ರು. ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್ ಎಂಬ ಮೂರು ಕಪ್ಪುಗಳನ್ನು ಇಟ್ಟುಕೊಂಡು, ಅವಕ್ಕೆ ನೀಲಿ, ಹಸಿರು, ನೇರಳೆ ಬೆರೆಸಿ, ಕಪ್ಪಿನೊಳಗೇ ಬೆಚ್ಚಗಿನ ಕಪ್ಪು, ತಣ್ಣನೆಯ ಕಪ್ಪು ಮಾಡುತ್ತಾರೆ. 2007ರಲ್ಲಿ ಅವರು ಸಿಪಿಯೋ ಮೂರ್‌ಹೆಡ್‌ನನ್ನು ಬರೆದರು. ಮೂರ್‌ಹೆಡ್ ಬಾಸ್ಟನ್‌ನಲ್ಲಿ ಗುಲಾಮನಾಗಿದ್ದ ಚಿತ್ರಕಾರ. ಅಲ್ಲೇ ಗುಲಾಮಳಾಗಿದ್ದ ಕವಯಿತ್ರಿ ಫಿಲಿಸ್ ವೀಟ್ಲಿಯ 1773ರ ಕವನ ಸಂಕಲನದ ಮೊದಲ ಪುಟದ ಭಾವಚಿತ್ರ ಅವನ ಕೈಯದ್ದು ಎಂಬ ನಂಬಿಕೆ ಇದೆ. ಅದೇ ಸಂಕಲನದಲ್ಲಿ ಒಬ್ಬ ತರುಣ ಆಫ್ರಿಕನ್ ಚಿತ್ರಕಾರನಿಗೆ ಬರೆದ ಪದ್ಯವೂ ಇದೆ. ಆದರೆ ಅವನ ಸಹಿ ಇರುವ ಒಂದು ಚಿತ್ರವೂ ಉಳಿದಿಲ್ಲ. ಅವನ ಮುಖವಂತೂ ಇಲ್ಲವೇ ಇಲ್ಲ. ಮಾರ್ಷಲ್ ಏನು ಮಾಡಿದರು ಗೊತ್ತಾ? ತಮ್ಮ ಚಿತ್ರಕ್ಕೆ ‘ಸಿಪಿಯೋ ಮೂರ್‌ಹೆಡ್, ಅವನೇ ಬರೆದುಕೊಂಡ ಭಾವಚಿತ್ರ, 1776’ ಎಂಬ ಅರ್ಥದ ಹೆಸರಿಟ್ಟರು. ಕಳೆದುಹೋದ ಚಿತ್ರವನ್ನು ಅವನ ಪರವಾಗಿ ತಾವೇ ಬರೆದುಕೊಟ್ಟರು.

ಈಗ ಕಷ್ಟದ ಜಾಗಕ್ಕೆ ಬಂದೆವು. ಮುಖವೇ ಸಿಗದವರನ್ನು ಬರೆಯಬಹುದಾ?

2021ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ತನ್ನ ಹಳೆಯ ಕೋಟೆ, ಮಠ, ಬಂಗಲೆಗಳಲ್ಲಿ ಇಡಲು ಇತಿಹಾಸದ ಕಪ್ಪು ಜನರ ಒಂದಷ್ಟು ಚಿತ್ರಗಳನ್ನು ಬರೆಸಿತು. ಲಂಡನ್ನಿನ ಕೆನ್‌ವುಡ್ ಹೌಸ್‌ಗೆ ಡೈಡೋ ಬೆಲ್, ಗುಲಾಮ ತಾಯಿಗೆ ಹುಟ್ಟಿದವಳು. ಅವಳದ್ದು ಸುಮಾರು 1779ರ ಚಿತ್ರವೊಂದು ಇದೆ, ದಾಯಾದಿ ಎಲಿಜಬೆತ್ ಜೊತೆ. ಸ್ಕಾಟ್ಲೆಂಡಿನ ಸ್ಕೋನ್ ಅರಮನೆಯಲ್ಲಿದೆ. ಎಲಿಜಬೆತ್ ಕೈಯಲ್ಲಿ ಪುಸ್ತಕ, ಡೈಡೋ ಕೈಯಲ್ಲಿ ಹಣ್ಣು, ತಲೆಗೆ ಪೇಟ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಆ ಮನೆಯ ಯಜಮಾನ ಲಾರ್ಡ್ ಮ್ಯಾನ್ಸ್‌ಫೀಲ್ಡ್. 1772ರ ಸಾಮರ್‌ಸೆಟ್ ಮೊಕದ್ದಮೆಯಲ್ಲಿ ಗುಲಾಮನೊಬ್ಬನನ್ನು ಬಲವಂತದಿಂದ ಇಂಗ್ಲೆಂಡಿನ ಹೊರಗೆ ಸಾಗಿಸುವಂತಿಲ್ಲ ಎಂದು ತೀರ್ಪು ಕೊಟ್ಟ ನ್ಯಾಯಾಧೀಶ. ಅಂಥವನೂ ಡೈಡೋ ಸ್ವತಂತ್ರಳು ಎಂದು ತನ್ನ ಉಯಿಲಿನಲ್ಲಿ ಮತ್ತೆ ಬರೆದು ಖಾತ್ರಿ ಮಾಡಬೇಕಾಯಿತು ನೋಡಿ.

ಅದೇ ಸರಣಿಯಲ್ಲಿ ರೋಮ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕೂಡ ಇದ್ದಾನೆ. ಹುಟ್ಟಿದ್ದು ಈಗಿನ ಲಿಬಿಯಾದಲ್ಲಿ, ಸತ್ತದ್ದು 211ರಲ್ಲಿ ಯಾರ್ಕ್‌ನಲ್ಲಿ. ಅವನನ್ನು ಈ ಪಟ್ಟಿಗೆ ಸೇರಿಸಿದ್ದು ನನಗೇಕೋ ಸರಿ ಅನ್ನಿಸಲಿಲ್ಲ. ಉತ್ತರ ಆಫ್ರಿಕಾದಲ್ಲಿ ಹುಟ್ಟಿದ್ದಕ್ಕೆ ಇವತ್ತಿನ ಅರ್ಥದಲ್ಲಿ ಕಪ್ಪು ಎನ್ನಬಹುದಾ? ಅದೂ ಅಲ್ಲದೆ ಚಕ್ರವರ್ತಿಗೆ ಮುಖದ ಕೊರತೆ ಏನಿಲ್ಲ. ನಾಣ್ಯ, ಶಿಲ್ಪ ಎಲ್ಲ ಕಡೆ ಇದ್ದಾನೆ. ಬರ್ಲಿನ್‌ನಲ್ಲಿ ಅವನ ಕಾಲದ್ದೇ ಒಂದು ಬಣ್ಣದ ಹಲಗೆ ಇದೆ. ಹೆಂಡತಿ, ಇಬ್ಬರು ಮಕ್ಕಳ ಸಮೇತ. ಅದರಲ್ಲಿ ಒಬ್ಬ ಮಗನ ಮುಖವನ್ನು ಕೆರೆದು ಅಳಿಸಿದ್ದಾರೆ. ಅಣ್ಣ ಕ್ಯಾರಕಲ್ಲಾ ತಮ್ಮ ಗೆಟಾನನ್ನು ಕೊಲ್ಲಿಸಿ, ಅವನ ಗುರುತೇ ಇರಬಾರದು ಎಂದು ಆಜ್ಞೆ ಮಾಡಿದ್ದನಂತೆ. ಬೇಕೆಂದೇ ಮುಖ ಅಳಿಸುವುದು ಎಷ್ಟು ಹಳೆಯ ವಿದ್ಯೆ ಅಲ್ವಾ!

ನನಗೆ ಆ ಸರಣಿಯಲ್ಲಿ ಮುಖ್ಯ ಅನ್ನಿಸಿದ್ದು ಜೇಮ್ಸ್ ಚಾಪೆಲ್. ನಾರ್ತಾಂಪ್ಟನ್‌ಶೈರಿನ ಕರ್ಬಿ ಹಾಲ್‌ನಲ್ಲಿ ಹ್ಯಾಟನ್ ಮನೆತನದ ಸೇವಕ. ಯಜಮಾನ ಕ್ರಿಸ್ಟೋಫರ್ ಹ್ಯಾಟನ್ ಗರ್ನ್ಸಿ ದ್ವೀಪದ ಗವರ್ನರ್ ಆಗಿದ್ದಾಗ, 1672ರ ಡಿಸೆಂಬರ್ ಕೊನೆಯ ಒಂದು ರಾತ್ರಿ, ಕಾಸಲ್ ಕಾರ್ನೆಟ್ ಕೋಟೆಯ ಸಿಡಿಮದ್ದಿನ ಮನೆಗೆ ಸಿಡಿಲು ಬಡಿಯಿತು. ಸಿಡಿದ ರಭಸಕ್ಕೆ ಹ್ಯಾಟನ್‌ನ ತಾಯಿ, ಹೆಂಡತಿ ಇಬ್ಬರೂ ಸತ್ತರು. ಹ್ಯಾಟನ್ ಮತ್ತು ಅವನ ಮಕ್ಕಳು ಬದುಕಿ ಉಳಿಯಲು ಚಾಪೆಲ್ ಕಾರಣ ಎನ್ನುತ್ತಾರೆ. ಹ್ಯಾಟನ್ ಸಾಯುವಾಗ ಅವನಿಗೆ ವರ್ಷಾಶನ ಬರೆದಿಟ್ಟ. ಮುಂದೆ ಚಾಪೆಲ್ ಗ್ರೆಟನ್ ಎಂಬ ಹಳ್ಳಿಯಲ್ಲಿ ಪಬ್ ಇಟ್ಟುಕೊಂಡ. ಇಂಗ್ಲೆಂಡಿನ ಮೊದಲ ಕಪ್ಪು ಪಬ್ ಮಾಲೀಕ ಅವನೇ ಇರಬಹುದು ಎಂಬ ಮಾತಿದೆ. ಇಷ್ಟೆಲ್ಲ ಗೊತ್ತಿದ್ದರೂ ಅವನು ನೋಡಲು ಹೇಗಿದ್ದ ಎಂಬುದಕ್ಕೆ ಒಂದು ಗೆರೆಯೂ ಇಲ್ಲ. ಗ್ಲೋರಿ ಸ್ಯಾಮ್‌ಜಾಲಿ ಎಂಬ ಕಲಾವಿದೆ ಅವನಿಗೊಂದು ಮುಖ ಕೊಟ್ಟರು. ಕರ್ಬಿ ಹಾಲ್‌ನಲ್ಲಿ ಇಟ್ಟರು.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದವರು ಅಮೆರಿಕದ ಮಾಂಟಿಚೆಲ್ಲೋದವರು. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಎಸ್ಟೇಟು ಅದು. ಜೆಫರ್ಸನ್‌ನ ಗುಲಾಮಳಾಗಿದ್ದು, ಅವನ ಮಕ್ಕಳನ್ನು ಹೆತ್ತ ಸ್ಯಾಲಿ ಹೆಮಿಂಗ್ಸ್‌ಳ ಒಂದೂ ಚಿತ್ರ ಉಳಿದಿಲ್ಲ. 2018ರಲ್ಲಿ ಅವಳಿಗಾಗಿ ಅಲ್ಲಿ ಒಂದು ಕೋಣೆ ತೆರೆದರು. ಮುಖ ಕಲ್ಪಿಸಲು ಹೋಗಲಿಲ್ಲ. ಗೋಡೆಯ ಮೇಲೆ ನೆರಳಾಗಿಯೇ ಉಳಿಸಿದರು. ಜೆಫರ್ಸನ್ ಮುಖ ಎಲ್ಲೆಲ್ಲಿದೆ ಅಂದರೆ, ಐದು ಸೆಂಟಿನ ನಾಣ್ಯದಲ್ಲಿದೆ, ಎರಡು ಡಾಲರಿನ ನೋಟಿನಲ್ಲಿದೆ, ಸಾಲದ್ದಕ್ಕೆ ರಷ್‌ಮೋರ್ ಬೆಟ್ಟವನ್ನೇ ಕಡಿದು ಮಾಡಿದ್ದಾರೆ.

ಗೊತ್ತಿಲ್ಲದ್ದನ್ನು ಬರೆಯುವುದಕ್ಕಿಂತ ನೆರಳೇ ಪ್ರಾಮಾಣಿಕ ಎಂದು ತರಗತಿಯಲ್ಲಿ ಹಲವರು ಹೇಳಿದರು. ಕಲ್ಪನೆಯನ್ನು ಮ್ಯೂಸಿಯಂ ಗೋಡೆಗೆ ಹಾಕಿದರೆ ನಾಳೆ ಜನ ಅದನ್ನೇ ಚಾಪೆಲ್ ಅಂದುಕೊಳ್ಳುತ್ತಾರೆ ಎಂಬುದು ಅವರ ವಾದ. ತೂಕದ ಮಾತೇ. ಆದರೆ ನಾನು ಚಾಪೆಲ್ ಕಡೆ. ಯಾಕೆ ಅಂದರೆ ಎಡಿನ್‌ಬರೋದ ಹೋಲಿರೂಡ್ ಅರಮನೆಯಲ್ಲಿ ಒಂದು ಉದ್ದನೆಯ ಹಾಲ್ ಇದೆ. 1684ರಲ್ಲಿ ಯಾಕೋಬ್ ದ ವಿಟ್ ಎಂಬ ಡಚ್ ಕಲಾವಿದನಿಗೆ ಸ್ಕಾಟ್ಲೆಂಡಿನ ಎಲ್ಲ ದೊರೆಗಳನ್ನೂ ಬರೆದುಕೊಡು ಎಂದು ಗುತ್ತಿಗೆ ಕೊಟ್ಟರು. ಅವನು ನೂರಕ್ಕೂ ಹೆಚ್ಚು ಚಿತ್ರ ಬರೆದ. ಕ್ರಿಸ್ತಪೂರ್ವ 330ರಲ್ಲಿ ಆಳಿದ ಎಂದು ದಂತಕಥೆ ಹೇಳುವ ಫರ್ಗಸ್ ರಾಜನೂ ಅಲ್ಲಿದ್ದಾನೆ. ಇದ್ದನೋ ಇಲ್ಲವೋ ಎಂಬ ರಾಜನಿಗೆ ಗಡ್ಡ, ಮೂಗು, ಚೌಕಟ್ಟು ಎಲ್ಲ ಇದೆ. ಯಾರೂ ತಕರಾರು ಮಾಡಿಲ್ಲ. ಖಂಡಿತವಾಗಿ ಬದುಕಿದ್ದ, ಪಬ್ ನಡೆಸಿದ ಚಾಪೆಲ್‌ಗೆ ಮುಖ ಕೊಟ್ಟಾಗ ಮಾತ್ರ ಎಲ್ಲರಿಗೂ ದಾಖಲೆ ನೆನಪಾಗುತ್ತದೆ.

ಈ ಜಗಳವನ್ನು 1733ರಲ್ಲೇ ಒಬ್ಬರು ಆಡಿ ಮುಗಿಸಿದ್ದಾರೆ. ಅಯೂಬಾ ಸುಲೇಮಾನ್ ಡಿಯಾಲೋ, ಈಗಿನ ಸೆನೆಗಲ್‌ ಕಡೆಯ ಬುಂಡು ಎಂಬಲ್ಲಿಯ ವಿದ್ವಾಂಸ. ಸೆರೆ ಸಿಕ್ಕು ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿ, ಬಿಡುಗಡೆಯ ದಾರಿಯಲ್ಲಿ ಲಂಡನ್ನಿಗೆ ಬಂದಿದ್ದ. ನೆನಪಿನಿಂದಲೇ ಕುರಾನ್ ಬರೆಯುತ್ತಿದ್ದ. ವಿಲಿಯಂ ಹೋರ್ ಅವನ ಭಾವಚಿತ್ರ ಬರೆಯಲು ಕೂತ. ಮುಖ ಮುಗಿಯಿತು. ಬಟ್ಟೆ ಯಾವುದು ಅಂದರೆ, ನನ್ನ ದೇಶದ ಉಡುಪೇ ಬೇಕು ಎಂದ ಡಿಯಾಲೋ. ನೋಡದ ಉಡುಪನ್ನು ಬರೆಯಲಾರೆ ಎಂದ ಹೋರ್. ಹಾಗಾದರೆ ಯಾರೂ ಕಂಡಿಲ್ಲದ ದೇವರನ್ನು ನಿಮ್ಮ ಚಿತ್ರಕಾರರು ಹೇಗೆ ಬರೆಯುತ್ತಾರೆ ಎಂದು ಡಿಯಾಲೋ ಕೇಳಿದನಂತೆ. ಅವನನ್ನು ಬಲ್ಲ ಥಾಮಸ್ ಬ್ಲೂಯೆಟ್ ಮರುವರ್ಷವೇ ಬರೆದು ಪ್ರಕಟಿಸಿದ ಸಂಗತಿ ಇದು. ಕೊನೆಗೆ ಡಿಯಾಲೋ ವಿವರಿಸಿದ, ಹೋರ್ ಬರೆದ. ಬಿಳಿ ನಿಲುವಂಗಿ, ಪೇಟ, ಕತ್ತಿನಲ್ಲಿ ಕೆಂಪು ಚೀಲದಲ್ಲಿ ಕುರಾನ್.

ಆದರೂ ನನ್ನದೊಂದು ಷರತ್ತಿದೆ. ಕಲ್ಪಿಸಿ ಬರೆದದ್ದು ಕಲ್ಪನೆ ಎಂದು ಚಿತ್ರದೊಳಗೇ ಗೊತ್ತಾದರೆ ಚೆನ್ನ. ಹಳೆಯ ಕಾಲದ ಬಟ್ಟೆ, ಹಳೆಯ ಕಾಲದ ಕಂದು ಹಿನ್ನೆಲೆ ಹಾಕಿ, ಅಂದಿನದ್ದೇ ಚಿತ್ರ ಎನ್ನುವಂತೆ ಮಾಡಿದರೆ ನನಗೆ ಅಷ್ಟು ರುಚಿಸುವುದಿಲ್ಲ. ಸೆನೆಗಲ್‌ನ ಒಮರ್ ವಿಕ್ಟರ್ ಡಿಯೋಪ್ 2014ರಲ್ಲಿ ‘ಪ್ರಾಜೆಕ್ಟ್ ಡಯಾಸ್ಪೊರಾ’ ಎಂಬ ಫೋಟೋ ಸರಣಿ ಮಾಡಿದರು. ಆಫ್ರಿಕಾದಿಂದ ಹೊರಗೆ ಹೋಗಿ ಹೆಸರು ಮಾಡಿದವರ ವೇಷವನ್ನು ತಾವೇ ಹಾಕಿಕೊಂಡು ಕೂತರು. ಫ್ರೆಂಚ್ ಕ್ರಾಂತಿಯ ಕಾಲದ ಸಂಸದ ಜಾನ್-ಬಾಪ್ಟಿಸ್ಟ್ ಬೆಲ್ಲೆಯಾಗಿ ನಿಂತಾಗ ಅವರ ಬಳಿ ಒಂದು ಫುಟ್‌ಬಾಲ್ ಇದೆ! ನೋಡಿದ ತಕ್ಷಣ ಇದು ಇವತ್ತಿನ ಆಟ ಎಂದು ಗೊತ್ತಾಗುತ್ತದೆ. ಯುರೋಪಿನ ಮೈದಾನಗಳಲ್ಲಿ ಆಫ್ರಿಕಾದ ಆಟಗಾರರಿಗೆ ಚಪ್ಪಾಳೆಯೂ ಸಿಗುತ್ತದೆ, ಬೈಗುಳವೂ ಸಿಗುತ್ತದೆ, ಅದೂ ನೆನಪಾಗುತ್ತದೆ. ಅದೇ ಸರಣಿಯಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ ಇದ್ದಾನೆ. ಬಿಜಾಪುರದ ಮಂತ್ರಿ ಇಖ್ಲಾಸ್ ಖಾನ್ ಕೂಡ ಇದ್ದಾನೆ. ಅವನನ್ನು ಅಲ್ಲಿ ನೋಡಿ ಖುಷಿಯಾಯಿತು.

ಹಾಗೆಯೇ ಡ್ರೂ ಗಾರ್ಡ್ನರ್ ಎಂಬ ಬ್ರಿಟಿಷ್ ಛಾಯಾಗ್ರಾಹಕ ಹಳಬರ ವಂಶದವರನ್ನು ಹುಡುಕಿ, ಅದೇ ಭಂಗಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾರೆ. ಜೆಫರ್ಸನ್ ಮತ್ತು ಸ್ಯಾಲಿ ಹೆಮಿಂಗ್ಸ್ ವಂಶದ ಶಾನನ್ ಲನಿಯರ್ ಕಪ್ಪು ಮನುಷ್ಯ. ಜೆಫರ್ಸನ್ ಕೋಟು ಹಾಕಿಕೊಂಡು ಕೂತರು. ವಿಗ್ ಮಾತ್ರ ಬೇಡ ಎಂದರು. ತಾನು ಜೆಫರ್ಸನ್ ಆಗಲು ಇಷ್ಟವಿಲ್ಲ ಎಂದು ಕಾರಣ ಕೊಟ್ಟರು. ವಿಗ್ ಇಲ್ಲದ ಆ ತಲೆಯೇ ಇಡೀ ಫೋಟೋದ ಜೀವ ಅನ್ನಿಸಿತು ನನಗೆ.

ಇನ್ನೂ ಒಂದು ಒಳ್ಳೆಯ ಉಪಾಯ ಇದೆ. ಒಂದೇ ಮುಖ ಕೊಡುವ ಬದಲು ಹತ್ತಾರು ಮುಖ ಕೊಟ್ಟುಬಿಡುವುದು. ಜಾನ್ ಬ್ಲ್ಯಾಂಕ್ ಇಂಗ್ಲೆಂಡಿನ ಏಳನೇ ಮತ್ತು ಎಂಟನೇ ಹೆನ್ರಿ ದೊರೆಗಳ ಆಸ್ಥಾನದಲ್ಲಿದ್ದ ಕಪ್ಪು ಕಹಳೆಗಾರ. 1511ರ ವೆಸ್ಟ್‌ಮಿನ್‌ಸ್ಟರ್ ಪಂದ್ಯದ ಚಿತ್ರಸುರುಳಿಯಲ್ಲಿ ಕುದುರೆ ಮೇಲೆ ಕೂತು ಕಹಳೆ ಊದುತ್ತಾ ಎರಡು ಕಡೆ ಕಾಣುತ್ತಾನೆ. ಉಳಿದ ಕಹಳೆಗಾರರೆಲ್ಲ ಬರಿತಲೆಯಲ್ಲಿದ್ದಾರೆ, ಇವನ ತಲೆಗೆ ಮಾತ್ರ ಪೇಟ. ಮುಖ ಹೆಬ್ಬೆಟ್ಟಿನಷ್ಟೂ ಇಲ್ಲ. ಮೈಕೆಲ್ ಒಹಾಜುರು ಎಂಬುವರು ‘ಜಾನ್ ಬ್ಲ್ಯಾಂಕ್ ಪ್ರಾಜೆಕ್ಟ್’ ಎಂದು ಶುರು ಮಾಡಿ, ನಿಮಗೆ ಅವನು ಹೇಗೆ ಕಾಣುತ್ತಾನೆ ಎಂದು ಕಲಾವಿದರನ್ನೂ ಇತಿಹಾಸಕಾರರನ್ನೂ ಕೇಳುತ್ತಾ ಹೋದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಬ್ಲ್ಯಾಂಕ್ ಸಿಕ್ಕ. ಯಾವುದೂ ನಿಜವಾದ ಮುಖ ಎಂದು ಯಾರೂ ಹೇಳುವಂತಿಲ್ಲ.

ನಾನೂ ಒಬ್ಬನನ್ನು ಬರೆಯುತ್ತಿದ್ದೇನೆ. ಕಹಳೆ ಬೇಡ ಅಂದುಕೊಂಡಿದ್ದೇನೆ. ಬ್ಲ್ಯಾಂಕ್‌ಗೆ ದಿನಕ್ಕೆ ಎಂಟು ಪೆನ್ಸ್ ಸಂಬಳ ಇತ್ತು. ಅದು ಸಾಲದು, ಸತ್ತುಹೋದ ಇನ್ನೊಬ್ಬ ಕಹಳೆಗಾರನ ಜಾಗವನ್ನೂ ಹದಿನಾರು ಪೆನ್ಸನ್ನೂ ಕೊಡಿ ಎಂದು ಎಂಟನೇ ಹೆನ್ರಿಗೇ ಅರ್ಜಿ ಹಾಕಿದ. ದೊರೆ ಒಪ್ಪಿದ. ಹೆಂಡತಿಯರ ತಲೆ ತೆಗೆಸಿದ ದೊರೆ ಎಂದು ಮುಂದೆ ಹೆಸರಾದ ಅದೇ ಹೆನ್ರಿ! ನನ್ನ ಬ್ಲ್ಯಾಂಕ್ ಕೈಯಲ್ಲಿ ಆ ಅರ್ಜಿ ಇದೆ. ಪೇಟಕ್ಕೆ ಹಸಿರು ಹಾಕಿದ್ದೇನೆ. ಹಣೆಗೆ ಇನ್ನೂ ಸ್ವಲ್ಪ ನೀಲಿ ಬೇಕು ಎಂದು ಪಕ್ಕದ ನರ್ಸಮ್ಮ ಹೇಳಿದ್ದಾರೆ. ಅವರ ಮಾತು ಸರಿಯೇ ಇರುತ್ತದೆ ಸಾಮಾನ್ಯವಾಗಿ.